ದ್ರವ್ಯ: ಆಗಬಲ್ಲುದರ ಹೆಸರು

ಚೆನ್ನೈ ನಗರದ ತೆಂಕಣ ಮಗ್ಗುಲಲ್ಲಿ, ಒಂದೆಡೆ ವಿಮಾನನಿಲ್ದಾಣವನ್ನೂ ಇನ್ನೊಂದೆಡೆ ಕಲ್ಲುಗಣಿಗಳು ಕೊರೆದು ಬಿಟ್ಟ ಗುಡ್ಡಗಳನ್ನೂ ಇಟ್ಟುಕೊಂಡು, ನಡುವೆ ಹೆದ್ದಾರಿಗೂ ಲೋಕಲ್ ರೈಲಿಗೂ ದಾರಿ ಬಿಟ್ಟಿರುವ ಪಲ್ಲಾವರಂ ಎಂಬ ಊರಿದೆ. ವೇಲ್ಸ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಅಂಥ ವಿದ್ಯಾಸಂಸ್ಥೆಗಳ ಸಭಾಂಗಣಗಳಲ್ಲಿ ಈಚೆಗೆ ನಡೆಯುವ ಸಂಶೋಧನಾ ಉಪನ್ಯಾಸಗಳ ತಲೆಬರಹಗಳನ್ನು ನೋಡಿದರೆ ಎರಡು ಮಾತುಗಳು ಒಂದರ ಕೈಯನ್ನೊಂದು ಬಿಡದೆ ಬರುತ್ತವೆ: ಒಂದು ‘ಮೆಟೀರಿಯಲ್’, ಇನ್ನೊಂದು ‘ಎನರ್ಜಿ’. ಬ್ಯಾಟರಿಯ ವಿದ್ಯುದಗ್ರಕ್ಕೆ ಬೇಕಾದ ಇಂಗಾಲ, ಬಿಸಿಲನ್ನು ವಿದ್ಯುತ್ತಾಗಿಸುವ ಪೆರೋವ್‌ಸ್ಕೈಟ್ ಹರಳು, ನೀರನ್ನು ಒಡೆದು ಹೈಡ್ರೋಜನ್ ತೆಗೆಯಲು ನೆರವಾಗುವ ಕ್ರಿಯಾವರ್ಧಕ, ಇವೆಲ್ಲ ಆ ಎರಡು ಮಾತುಗಳ ನೆರಳಿನಲ್ಲಿ ಬರುವ ಸಂಗತಿಗಳು. ಇದನ್ನೇ ಕನ್ನಡದಲ್ಲಿ ಹೇಳಹೊರಟರೆ ಮೊದಲ ಮಾತಿನಲ್ಲಿಯೇ ನಾವು ತಡೆದು ನಿಲ್ಲುತ್ತೇವೆ. ವಸ್ತು ಎನ್ನೋಣವೆ, ಪದಾರ್ಥ ಎನ್ನೋಣವೆ, ಸಾಮಗ್ರಿ ಎನ್ನೋಣವೆ? ನಾಲ್ಕನೆಯದಾಗಿ ಒಂದು ಮಾತು ಹಿಂದೆ ನಿಂತಿದೆ. ಎಲ್ಲಕ್ಕಿಂತ ಹಳೆಯ ಸಂಸಾರದ್ದು, ಎಲ್ಲಕ್ಕಿಂತ ಹೆಚ್ಚು ಊರು ಸುತ್ತಿದ್ದು. ಅದು ದ್ರವ್ಯ. ಪದಗಳ ಬೆನ್ನುಹತ್ತಿ ಹೋಗುವ ಚಪಲವುಳ್ಳ ನಾವೆಲ್ಲ ಇವತ್ತು ಅದರ ಜೊತೆ ಸ್ವಲ್ಪ ದೂರ ನಡೆಯೋಣ.

ದ್ರವ್ಯದ ಬೇರು ಎಲ್ಲಿದೆ? ಪಾಣಿನಿಯ ಕಾಲಕ್ಕೇ ಈ ಪದ ವೈಯಾಕರಣರ ಕಣ್ಣಿಗೆ ಬಿದ್ದಿತ್ತು. ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ, ಹಸುವಿನಿಂದ ಬಂದದ್ದು ಗವ್ಯ, ಹಾಲಿನಿಂದ ಬಂದದ್ದು ಪಯಸ್ಯ ಎಂದು ಹೇಳುವ ಸೂತ್ರದ ಬೆನ್ನಿಗೇ, ‘ದ್ರು’ ಎಂಬ ಶಬ್ದಕ್ಕೂ ಅದೇ ಪ್ರತ್ಯಯ ಹತ್ತುತ್ತದೆ ಎಂಬ ಪುಟ್ಟ ಸೂತ್ರವೊಂದಿದೆ. ದ್ರು ಎಂದರೆ ಮರ. ಗೋವಿನಿಂದ ಗವ್ಯ ಹೇಗೋ ದ್ರುವಿನಿಂದ ದ್ರವ್ಯ ಹಾಗೆ: ಮರದಿಂದಾದದ್ದು, ಮರದ್ದು. ಈ ದ್ರುವಿನ ಬಳಗ ದೊಡ್ಡದು. ದ್ರುಮ ಅದರದೇ ಕೊಂಬೆ. ದಾರು, ದೇವದಾರು ಅದೇ ಕುಲದವು. ಗ್ರೀಕರಲ್ಲಿ ಓಕ್ ಮರವನ್ನು ಹೇಳುವ ‘ದ್ರುಸ್’, ಮರವನ್ನೂ ಈಟಿಯನ್ನೂ ಹೇಳುವ ‘ದೊರು’, ಇಂಗ್ಲಿಷಿನ ‘ಟ್ರೀ’ ಎಲ್ಲವೂ ದೂರದ ದಾಯಾದಿಗಳು. ಮರವನ್ನು ತೋಡಿ ಮಾಡಿದ ಪಾತ್ರೆ ದ್ರೋಣ. ಹಾಗೆಯೇ ತೋಡಿದ ತೊಟ್ಟಿ ದ್ರೋಣಿ. ಈ ದ್ರೋಣಿಯೇ ನಮ್ಮ ದೋಣಿಯಾಯಿತೆನ್ನುವವರು ಒಂದು ಕಡೆ, ತಮಿಳಿನ ತೋಣಿಯನ್ನು ಮುಂದಿಟ್ಟು ಇದು ದ್ರಾವಿಡದ ಸ್ವಂತ ಸೊತ್ತೆನ್ನುವವರು ಇನ್ನೊಂದು ಕಡೆ. ಆ ವ್ಯಾಜ್ಯವನ್ನು ಇಲ್ಲಿ ತೀರಿಸಬೇಕಾಗಿಲ್ಲ. ಆದರೆ ಮರಾಠಿಗರು ಎಲೆಯ ಬಟ್ಟಲನ್ನು ಇಂದಿಗೂ ‘ದ್ರೋಣ’ ಎಂದೇ ಕರೆಯುವುದನ್ನು ಕೇಳಿದರೆ, ನಮ್ಮ ಮದುವೆಮನೆಯ ಪಾಯಸದ ದೊನ್ನೆಯಲ್ಲಿ ಕುರುಕುಲದ ಆಚಾರ್ಯನ ಹೆಸರು ಕೂತಿರುವುದು ಕಂಡು ಮನಸ್ಸು ಅರಳದೆ ಇರದು.

ಮರದಿಂದ ಹುಟ್ಟಿದ ಪದವೊಂದು ಜಗತ್ತಿನ ಸಕಲ ಪದಾರ್ಥಕ್ಕೂ ಹೆಸರಾದದ್ದು ನಮ್ಮಲ್ಲಿ ಮಾತ್ರ ನಡೆದ ಸೋಜಿಗವಲ್ಲ. ಲ್ಯಾಟಿನ್ನಿನ ‘ಮಾತೆರಿಯ’ ಮೊದಲು ಹೇಳಿದ್ದು ಕಟ್ಟಡದ ಮರವನ್ನು, ಮರದ ಗಟ್ಟಿ ಕಾಂಡವನ್ನು. ಅದರ ಒಡಲಲ್ಲಿರುವುದು ‘ಮಾತೆರ್’, ಅಂದರೆ ನಮ್ಮ ಮಾತೃವೇ. ಕಾಡಿನಿಂದ ತುಂಬಿದ್ದ ಅಟ್ಲಾಂಟಿಕ್ ದ್ವೀಪವೊಂದಕ್ಕೆ ಪೋರ್ಚುಗೀಸರು ಮದೀರ ಎಂದು ಹೆಸರಿಟ್ಟದ್ದು ಆ ಹಳೆಯ ಅರ್ಥ ಅವರ ನಾಲಗೆಯಲ್ಲಿ ಉಳಿದುಕೊಂಡಿದ್ದರಿಂದ. ಗ್ರೀಕಿನಲ್ಲಿ ‘ಹ್ಯೂಲೆ’ ಎಂದರೆ ಕಾಡು, ಕಟ್ಟಿಗೆ; ಅರಿಸ್ಟಾಟಲ್ ಅದನ್ನೆತ್ತಿಕೊಂಡು ಆಕಾರಕ್ಕೆ ಎದುರಾದ ಮೂಲದ್ರವ್ಯಕ್ಕೆ ಹೆಸರಾಗಿಸಿದ. 1834ರಲ್ಲಿ ಡ್ಯೂಮ ಮತ್ತು ಪೆಲಿಗೊ ಎಂಬ ಫ್ರೆಂಚ್ ರಸಾಯನಜ್ಞರು, ಕಟ್ಟಿಗೆಯನ್ನು ಬಟ್ಟಿಯಿಳಿಸಿದಾಗ ಬರುವ ಸಾರದಿಂದ ಹೊರಟು, ಗ್ರೀಕಿನ ಮದ್ಯವನ್ನೂ ಈ ಹ್ಯೂಲೆಯನ್ನೂ ಬೆಸೆದು ‘ಮೆಥಿಲೀನ್’ ಎಂಬ ಹೆಸರು ಕಟ್ಟಿದರು. ಮಿಥೈಲ್, ಈಥೈಲ್ ಎನ್ನುವಾಗ ಕೊನೆಯಲ್ಲಿ ಉಳಿಯುವ ಆ ‘ಐಲ್’ ಹಳೆಯ ಕಟ್ಟಿಗೆಯ ಚೂರು. ಮೂರು ನುಡಿಗಳು ಒಂದೇ ದಾರಿ ಹಿಡಿದುವೆಂದರೆ ಅದಕ್ಕೆ ಕಾರಣ ಬಡಗಿಯ ಕೈಯಲ್ಲಿದೆ. ಏನನ್ನಾದರೂ ಮಾಡಬೇಕೆಂದು ಹೊರಟ ಮನುಷ್ಯನ ಎದುರಿಗೆ ಮೊದಲು ಒದಗಿದ್ದು ಮರ. ನೇಗಿಲೂ ಆಗಬಲ್ಲುದು, ತೊಲೆಯೂ ಆಗಬಲ್ಲುದು, ತೊಟ್ಟಿಲೂ ಆಗಬಲ್ಲುದು. ಹಾಗೆ ಇನ್ನೇನೋ ಆಗಬಲ್ಲ ವಸ್ತುವೆಲ್ಲ ಆಮೇಲೆ ಮರದ ಹೆಸರನ್ನೇ ಹೊತ್ತುಕೊಂಡಿತು.

ಈ ‘ಆಗಬಲ್ಲುದು’ ಎಂಬ ಮಾತು ನನ್ನ ಅಲಂಕಾರವಲ್ಲ, ಪಾಣಿನಿಯದೇ. ಐದನೆಯ ಅಧ್ಯಾಯದಲ್ಲಿ ಆತ ದ್ರವ್ಯವನ್ನು ಮತ್ತೆ ಎತ್ತಿಕೊಂಡು, ಅದು ‘ಭವ್ಯ’ ಎಂಬ ಅರ್ಥದಲ್ಲೂ ಬರುತ್ತದೆ ಎನ್ನುತ್ತಾನೆ. ಭವ್ಯವೆಂದರೆ ಇಂದು ನಮಗೆ ಎತ್ತರದ ಗೋಪುರ, ದೊಡ್ಡ ಮೆರವಣಿಗೆ. ಆದರೆ ಹುಟ್ಟಿನಲ್ಲಿ ಅದು ‘ಆಗತಕ್ಕದ್ದು’, ಆಗುವ ಯೋಗ್ಯತೆಯುಳ್ಳದ್ದು. ನಮ್ಮ ಜೈನ ಕವಿಗಳು ಕೇಳುಗರನ್ನು ಭವ್ಯರೆಂದು ಕರೆದಾಗ ಹೊಗಳಿದ್ದು ಅವರ ಠೀವಿಯನ್ನಲ್ಲ, ಮುಕ್ತಿಗೆ ಅರ್ಹರಾಗುವ ಅವರ ಜೀವಗುಣವನ್ನು. ಆ ಅರ್ಥದಲ್ಲಿ ‘ಈ ರಾಜಕುಮಾರ ದ್ರವ್ಯ’ ಎಂದೂ ‘ಈ ವಟು ದ್ರವ್ಯ’ ಎಂದೂ ಹೇಳಬಹುದೆಂದು ಕಾಶಿಕಾವೃತ್ತಿ ಉದಾಹರಣೆ ಕೊಡುತ್ತದೆ. ಅಂದರೆ ಬಯಸಿದ ಪ್ರಯೋಜನಗಳಿಗೆ ಪಾತ್ರನಾದವನು, ತಿದ್ದಿದರೆ ತಿದ್ದಿಸಿಕೊಳ್ಳುವವನು. ಕೌಟಿಲ್ಯನೂ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಇದೇ ಪದವನ್ನು ಹಿಡಿದು, ಶಿಕ್ಷಣ ದ್ರವ್ಯವನ್ನು ಹದಗೊಳಿಸಬಲ್ಲುದೇ ಹೊರತು ಅದ್ರವ್ಯವನ್ನಲ್ಲ ಎನ್ನುತ್ತಾನೆ. ಅಲ್ಲಿ ದ್ರವ್ಯವೆಂದರೆ ಕಲಿಯುವ ಹುಡುಗ. ಕೇಳುವ ಬಯಕೆ, ಗ್ರಹಿಸುವ ಶಕ್ತಿ, ನೆನಪು, ಊಹೆ ಇರುವವನು ದ್ರವ್ಯ. ಅವು ಇಲ್ಲದವನು ಅದ್ರವ್ಯ. ಕೌಟಿಲ್ಯನ ಕಟ್ಟುನಿಟ್ಟನ್ನು ನಾವು ಒಪ್ಪಬೇಕಾಗಿಲ್ಲ, ಯಾವ ಮಗುವನ್ನೂ ಅದ್ರವ್ಯವೆಂದು ಬದಿಗಿಡುವ ಹಕ್ಕು ಶಾಲೆಗಿಲ್ಲ. ಆದರೂ ಉಪನ್ಯಾಸದ ಸಭೆಯೊಂದರಲ್ಲಿ ವೇದಿಕೆಯ ಮೇಲೆ ಚರ್ಚೆಗೆ ಬಂದಿರುವುದೂ ದ್ರವ್ಯ, ಎದುರಿಗೆ ಸಾಲಾಗಿ ಕೂತಿರುವ ಎಂ.ಎಸ್‌ಸಿ. ಹುಡುಗ ಹುಡುಗಿಯರೂ ದ್ರವ್ಯ ಎಂದು ಒಂದೇ ಪದದಲ್ಲಿ ಹೇಳಬಲ್ಲ ಸೌಕರ್ಯ ಇನ್ನಾವ ಮಾತಿಗಿದೆ?

ಇಷ್ಟಾದ ಮೇಲೆ ಇನ್ನೊಂದು ದ್ರುವನ್ನು ಮಾತಾಡಿಸದೆ ಹೋದರೆ ಅನ್ಯಾಯವಾದೀತು. ಮರದ ದ್ರು ನಾಮಪದ. ಅದೇ ಉಚ್ಚಾರದ ಧಾತುವೊಂದು ‘ಓಡು, ಹರಿ’ ಎನ್ನುತ್ತದೆ. ದ್ರವ, ದ್ರಾವಣ, ದ್ರಾವಕ, ಕರುಣೆಯಿಂದ ಎದೆ ದ್ರವಿಸುವುದು, ಮೇಲೆ ಬಂದೆರಗುವ ಉಪದ್ರವ ಎಲ್ಲ ಈ ಓಟದ ಮನೆತನದವು. ವೇದದಲ್ಲಿ ಸಂಪತ್ತನ್ನು ಹೇಳುವ ದ್ರವಿಣವೂ ಈ ಕಡೆಯದೇ. ದಾರ್ಶನಿಕರಿಗೆ ಈ ಎರಡನೆಯ ದ್ರು ಬಹಳ ಹಿಡಿಸಿತು, ಅದರಲ್ಲೂ ಜೈನರಿಗೆ. ಒಂದು ಪರ್ಯಾಯದಿಂದ, ಅಂದರೆ ಒಂದು ಅವಸ್ಥೆಯಿಂದ, ಇನ್ನೊಂದಕ್ಕೆ ಹರಿಯುತ್ತ, ಹುಟ್ಟುತ್ತ, ಅಳಿಯುತ್ತ, ಆದರೂ ತಾನು ತಾನಾಗಿಯೇ ಉಳಿಯುವುದರಿಂದ ಅದು ದ್ರವ್ಯ ಎಂದು ಅವರು ನಿರುಕ್ತಿ ಕಟ್ಟಿದರು. ಜೀವ, ಪುದ್ಗಲ, ಧರ್ಮ, ಅಧರ್ಮ, ಆಕಾಶ, ಕಾಲ ಎಂಬ ಆರು ದ್ರವ್ಯಗಳ ಲೆಕ್ಕ ಕನ್ನಡ ನಾಡಿಗೆ ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರ ಹೆಸರಿಗೆ ಸಂಪ್ರದಾಯ ಕಟ್ಟುವ ‘ದ್ರವ್ಯಸಂಗ್ರಹ’ ಇದನ್ನೇ ವಿಸ್ತರಿಸುವ ಕೃತಿ. ಇಲ್ಲಿ ಧರ್ಮವೆಂದರೆ ಪುಣ್ಯವಲ್ಲ, ಚಲನೆಗೆ ಒತ್ತಾಸೆಯಾಗುವ ತತ್ತ್ವ. ಅಧರ್ಮ ಪಾಪವಲ್ಲ, ನಿಲುಗಡೆಗೆ ಆಸರೆ. ಇನ್ನು ಪುದ್ಗಲ: ನಮ್ಮ ವಿಜ್ಞಾನಿಗಳು ಇಂದು ಮೆಟೀರಿಯಲ್ ಎನ್ನುವುದು ನಿಜಕ್ಕೂ ಇದರ ಪಾಲಿಗೆ ಬರುತ್ತದೆ. ಪೂರಣ ಮತ್ತು ಗಲನ, ಅಂದರೆ ಕೂಡಿ ತುಂಬಿಕೊಳ್ಳುವುದು, ಕಳಚಿ ಸೋರಿಹೋಗುವುದು, ಈ ಎರಡೂ ಉಳ್ಳದ್ದು ಪುದ್ಗಲ ಎಂಬುದು ಹಳೆಯ ವ್ಯುತ್ಪತ್ತಿ. ಶಬ್ದಶಾಸ್ತ್ರದ ಕಣ್ಣಿಗೆ ಅದು ಭಾಷ್ಯಕಾರರ ಜಾಣ್ಮೆಯೆಂದು ತೋರಬಹುದು. ಆದರೆ ಲಿಥಿಯಂ ಬ್ಯಾಟರಿಯ ಗ್ರಾಫೈಟನ್ನು ನೆನೆದುಕೊಳ್ಳಿ: ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಇಂಗಾಲದ ಪದರಪದರಗಳ ನಡುವೆ ಬಂದು ತುಂಬುತ್ತವೆ, ಬಳಸುವಾಗ ಅಲ್ಲಿಂದ ಕಳಚಿಕೊಂಡು ಎದುರು ವಿದ್ಯುದಗ್ರಕ್ಕೆ ಹೋಗುತ್ತವೆ. ಪೂರಣ, ಗಲನ, ಮತ್ತೆ ಪೂರಣ. ಎಷ್ಟು ಸಲ ತುಂಬಿ ಕಳಚಿದರೂ ಪದರಗಳು ಕುಸಿಯದಂತೆ ಮಾಡುವುದು ಹೇಗೆಂಬುದೇ ಬ್ಯಾಟರಿ ಸಂಶೋಧಕರ ದಿನನಿತ್ಯದ ತಲೆಬಿಸಿ. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ, ಉತ್ಪಾದ-ವ್ಯಯಗಳ, ಅಂದರೆ ಹುಟ್ಟು ಅಳಿವುಗಳ, ನಡುವೆ ಧ್ರೌವ್ಯವನ್ನು, ಅಂದರೆ ಉಳಿವನ್ನು, ಕಾಪಾಡುವ ಕಷ್ಟ.

ದ್ರವ ಮತ್ತು ದ್ರವ್ಯ ನಮ್ಮ ಶಾಲೆಯ ಮಕ್ಕಳನ್ನು ಸದಾ ತಬ್ಬಿಬ್ಬು ಮಾಡುವ ಜೋಡಿ. ದ್ರವ್ಯದ ಸ್ಥಿತಿಗಳು ಮೂರು, ಘನ, ದ್ರವ, ಅನಿಲ ಎಂದು ಒಂದೇ ಉಸಿರಿನಲ್ಲಿ ಹೇಳಬೇಕಾದಾಗ ಯಕಾರವೊಂದು ಜಾರಿದರೆ ಇಡೀ ವಾಕ್ಯ ಮಗುಚಿಕೊಳ್ಳುತ್ತದೆ. ಕೇಳಲು ಹತ್ತಿರವಾದ ಇನ್ನೊಂದು ಪದ ದ್ರಮ್ಮ: ಶಾಸನಗಳಲ್ಲಿ ಗದ್ಯಾಣ, ಪಣ, ಹಾಗಗಳ ಜೊತೆ ಬರುವ ನಾಣ್ಯ. ಅದೂ ಹಣ, ದ್ರವ್ಯವೂ ಹಣ, ಹಾಗಾಗಿ ಒಂದೇ ತಾಯಿಯ ಮಕ್ಕಳೆನಿಸುತ್ತದೆ. ದ್ರಮ್ಮ ಬಂದದ್ದು ಗ್ರೀಕರ ದ್ರಾಖ್ಮಾದಿಂದ, ಯವನರ ನಾಣ್ಯದ ಬೆನ್ನೇರಿ. ಮರಕ್ಕೂ ಅದಕ್ಕೂ ನಂಟಿಲ್ಲ.

ದ್ರವ್ಯವೆಂದರೆ ಹಣವಾದದ್ದು ಹೇಗೆ? ಯಜ್ಞದ ಭಾಷೆಯಲ್ಲಿ ದ್ರವ್ಯ, ದೇವತೆ, ತ್ಯಾಗ ಎಂಬ ಮೂರು ಕೂಡಿದರೆ ಯಾಗ; ಅಲ್ಲಿ ದ್ರವ್ಯವೆಂದರೆ ತುಪ್ಪ, ಚರು, ಸೋಮ, ಕೊಡಬೇಕಾದದ್ದು. ಕೊಡಬೇಕಾದರೆ ಮೊದಲು ಕೂಡಿಡಬೇಕು, ಕೂಡಿಟ್ಟದ್ದು ಸಂಪತ್ತು. ಹೀಗೆ ಹೋಮದ್ರವ್ಯದಿಂದ ದೇವದ್ರವ್ಯ, ಅಲ್ಲಿಂದ ಪರದ್ರವ್ಯ, ದ್ರವ್ಯಾಶೆ, ದ್ರವ್ಯಮದ, ಹಳೆಯ ಪತ್ರಗಳ ದ್ರವ್ಯಸಹಾಯ. ಇನ್ನೊಂದು ಕವಲು ಅಂಗಡಿಯ ಕಡೆ ಇಳಿಯಿತು: ಸುಗಂಧದ್ರವ್ಯ, ಮಂಗಳದ್ರವ್ಯ, ಆಯುರ್ವೇದದ ದ್ರವ್ಯಗುಣ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ಬಾವಿ, ಅಡುಗೆಗಳ ಜೊತೆ ಪರಿಮಳದ ಪಾಕಗಳಿಗೂ ಜಾಗ ಸಿಕ್ಕಿದ್ದನ್ನು ನೋಡಿದರೆ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದರೆ ಏನಾಗುತ್ತದೆ ಎಂಬ ಕುತೂಹಲ ಕನ್ನಡದಲ್ಲಿ ಸಾವಿರ ವರ್ಷ ಹಳೆಯದೆಂದು ಖಾತರಿಯಾಗುತ್ತದೆ. ಇಪ್ಪತ್ತನೆಯ ಶತಮಾನ ಇದಕ್ಕೆ ಕಹಿಯನ್ನೂ ಬೆರೆಸಿತು; ಪತ್ರಿಕೆಗಳ ಪುಟದಲ್ಲಿ ಇಂದು ಹೆಚ್ಚಾಗಿ ಕಾಣುವ ರೂಪ ಮಾದಕದ್ರವ್ಯ. ಅದೇ ಹೊತ್ತಿಗೆ ಪಠ್ಯಪುಸ್ತಕ ಅದನ್ನು ತೊಳೆದು ಮಡಿ ಮಾಡಿ ದ್ರವ್ಯರಾಶಿ ಎಂಬ ಸ್ಥಾನದಲ್ಲಿ ಕೂರಿಸಿತು.

ಇದರ ಜೊತೆಗಾರರ ಕಥೆಯೂ ಕಡಿಮೆ ಸ್ವಾರಸ್ಯದ್ದಲ್ಲ. ಪದದ ಅರ್ಥವಾಗಿದ್ದ ಪದಾರ್ಥ ವೈಶೇಷಿಕರ ಕೈಯಲ್ಲಿ ಜಗತ್ತಿನ ವರ್ಗವಾಯಿತು, ಅಲ್ಲಿ ದ್ರವ್ಯಕ್ಕೇ ಮೊದಲ ಮಣೆ. ಅದೇ ಪದಾರ್ಥ ಮಂಗಳೂರು ಕಾಸರಗೋಡುಗಳ ಅಡುಗೆಮನೆಗೆ ಬರುವಷ್ಟರಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ಸಾಂಬಾರಾಗಿ, ‘ಇವತ್ತೇನು ಪದಾರ್ಥ?’ ಎಂಬ ಪ್ರಶ್ನೆಯಾಯಿತು. ವಸ್ತು ಹಳೆಯ ಕಾವ್ಯಮೀಮಾಂಸೆಯಲ್ಲಿ ಕಥೆಯ ಹೂರಣ; ಹಳ್ಳಿಯ ಹೆಂಗಸರ ಬಾಯಲ್ಲಿ ಒಡವೆಯ ಜೋಡಿಪದವಾಗಿ ಚಿನ್ನ. ಒಡವೆಯೂ ಮೊದಲಿಗೆ ಕೇವಲ ‘ಒಡೆತನದ್ದು’, ತಮಿಳಿನ ಉಡೈಮೈಯ ಸೋದರಿ, ಆಮೇಲೆ ಕೊರಳಿಗೇರಿತು. ಅರಬರ ಮಾಲು ಹಣದಿಂದ ಸರಕಾಯಿತು, ನಮ್ಮ ದ್ರವ್ಯ ಸರಕಿನಿಂದ ಹಣವಾಯಿತು. ಎದುರುಬದುರಾಗಿ ನಡೆದ ಇಬ್ಬರು ಒಂದೇ ಸಂತೆಯಲ್ಲಿ ಸಂಧಿಸಿದಂತಿದೆ. ಸಾಹಿತ್ಯವೆಂದರೆ ಕಾವ್ಯವಷ್ಟೇ ಎಂದುಕೊಂಡವರು ಪೂಜೆಯ ಸಾಹಿತ್ಯ, ಅಡುಗೆಯ ಸಾಹಿತ್ಯ ಎಂಬ ಬಳಕೆಯನ್ನು ಕೇಳಬೇಕು. ಮರಾಠಿಯಲ್ಲಂತೂ ಸಾಮಗ್ರಿಗೆ ಅದೇ ನಿತ್ಯದ ಮಾತು.

ಪಲ್ಲಾವರಂನ ಜನ ಇದಕ್ಕೆ ಏನನ್ನುತ್ತಾರೆ? ತಮಿಳು ದ್ರವ್ಯವನ್ನು ಒಲ್ಲೆನ್ನಲಿಲ್ಲ. ಒತ್ತಕ್ಷರದ ನಡುವೆ ಸ್ವರ ತುಂಬಿ ತಿರವಿಯಂ ಮಾಡಿಕೊಂಡಿತು. ಆದರೆ ಅಲ್ಲಿ ಅದರ ಅರ್ಥ ಕಡಲಾಚೆಗೆ ಹೋಗಿಯಾದರೂ ಗಳಿಸಬೇಕಾದ ಸಿರಿ, ಇಲ್ಲವೇ ವಾಸನೆಯ ಸಾಮಗ್ರಿ. ವಿಜ್ಞಾನಕ್ಕೆ ತಮಿಳು ಹಿಡಿದದ್ದು ತನ್ನದೇ ಪೊರುಳನ್ನು. ಪೊರುಳ್ ಎಂದರೆ ವಸ್ತು, ಪೊರುಳ್ ಎಂದರೆ ಸಂಪತ್ತು, ಪೊರುಳ್ ಎಂದರೆ ಮಾತಿನ ಅರ್ಥ. ತಿರುಕ್ಕುರಳಿನ ಎರಡನೆಯ ಭಾಗಕ್ಕೆ ಇದೇ ಹೆಸರು. ಎರಿಪೊರುಳ್ ಇಂಧನ, ಮೂಲಪ್ಪೊರುಳ್ ಕಚ್ಚಾವಸ್ತು, ಮೆಯ್ಪ್ಪೊರುಳ್ ಪರಮಸತ್ಯ. ಈ ಪೊರುಳ್ ನಮಗೆ ಹೊರಗಿನವನಲ್ಲ. ತಮಿಳಿನ ಕೊಡು ಹಳಗನ್ನಡದಲ್ಲಿ ಕುಡು, ತಮಿಳಿನ ಚೆವಿ ನಮ್ಮ ಕಿವಿ ಆದ ಹಾಗೆ, ಮುಂದಿನ ಉಕಾರ ಇಕಾರಗಳ ಸೆಳೆತಕ್ಕೆ ಸಿಕ್ಕು ಪೊರುಳ್ ಪುರುಳಾಯಿತು. ಪಾಲ್ ಹಾಲಾದ, ಪುಲಿ ಹುಲಿಯಾದ ಹೊತ್ತಿನಲ್ಲಿ ಪುರುಳ್ ಹುರುಳಾಯಿತು. ‘ಅವನ ಮಾತಿನಲ್ಲಿ ಹುರುಳಿಲ್ಲ’ ಎನ್ನುವಾಗ ನಾವು ಉಚ್ಚರಿಸುವುದು ತಮಿಳರು ವಸ್ತುವಿಗೂ ಐಶ್ವರ್ಯಕ್ಕೂ ಅರ್ಥಕ್ಕೂ ಬಳಸುವ ಪದವನ್ನೇ. ತಮಿಳಿನಲ್ಲಿ ಮೂರೂ ಅರ್ಥ ಕೈಬಿಡದೆ ಉಳಿದ ಪದ ಕನ್ನಡದಲ್ಲಿ ಮೈಯನ್ನು ಬಿಟ್ಟು ಸತ್ತ್ವವಾಗಿ ಮಾತ್ರ ಉಳಿಯಿತು. ಮುಟ್ಟುವ ಹುರುಳು ದ್ರವ್ಯದ ಪಾಲಾಯಿತು, ಮುಟ್ಟಲಾಗದ ಹುರುಳು ಹುರುಳಾಗಿಯೇ ನಿಂತಿತು.

ಪಲ್ಲಾವರಂ ಮುಟ್ಟುವ ದ್ರವ್ಯದ ಊರು. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಬ್ರಿಗೇಡ್ ಮೈದಾನದ ಬಳಿ ಜಲ್ಲಿಗಾಗಿ ತೋ‌ಡಿದ ಹೊಂಡವೊಂದರಲ್ಲಿ ಕ್ವಾರ್ಟ್ಸೈಟ್ ಕಲ್ಲಿನ ಆಯುಧವನ್ನು ಗುರುತಿಸಿದ. ಭಾರತದ ಹಳೆಶಿಲಾಯುಗದ ಅಧ್ಯಯನ ಮೊದಲಾದದ್ದು ಅಲ್ಲಿಂದ. ಮುಂದೆ ನಮ್ಮ ಬಳ್ಳಾರಿಯ ನವಶಿಲಾಯುಗದ ನೆಲೆಗಳನ್ನು ಹುಡುಕಿ ಕೊಟ್ಟವನೂ ಆತನೇ. ಆ ಕಲ್ಲನ್ನು ಕೈಗೆತ್ತಿಕೊಂಡು ಇದು ಒಡೆದದ್ದಲ್ಲ, ಒಡೆಯಿಸಿಕೊಂಡದ್ದು ಎಂದು ತಿಳಿಯುವುದರಲ್ಲಿ ಇಡೀ ಶಾಸ್ತ್ರ ಅಡಗಿದೆ: ಯಾವ ಕಲ್ಲು ಏಟಿಗೆ ಪುಡಿಯಾಗದೆ ಚಕ್ಕೆಚಕ್ಕೆಯಾಗಿ ಎದ್ದು ಅಲಗು ಕೊಡುತ್ತದೆಂದು ಬಲ್ಲ ಆ ಕಾಲದ ಮನುಷ್ಯ ದ್ರವ್ಯ ಅದ್ರವ್ಯಗಳ ವಿವೇಕವುಳ್ಳವನಾಗಿದ್ದ. ಇದೇ ಪಲ್ಲಾವರಂ ಸೇಂಟ್ ಥಾಮಸ್ ಮೌಂಟ್‌ಗಳ ಗುಡ್ಡದ ಕಪ್ಪುನೀಲಿ ಶಿಲೆಗೆ ಭೂವಿಜ್ಞಾನಿ ಥಾಮಸ್ ಹಾಲೆಂಡ್ ಚಾರ್ನೊಕೈಟ್ ಎಂದು ಹೆಸರಿಟ್ಟ. ಕಲ್ಕತ್ತೆಯಲ್ಲಿರುವ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕನ ಸಮಾಧಿಯ ಕಲ್ಲು ಆ ಜಾತಿಯದಾಗಿದ್ದರಿಂದ.

ಅಂಥ ಗಟ್ಟಿ ಕಲ್ಲನ್ನು ಕೊರೆದು ಗುಹಾಲಯ ಮಾಡಿದವನು ಏಳನೆಯ ಶತಮಾನದ ಮೊದಲ ಭಾಗದಲ್ಲಿ ಆಳಿದ ಪಲ್ಲವ ದೊರೆ ಮೊದಲನೆಯ ಮಹೇಂದ್ರವರ್ಮ. ಪಲ್ಲಾವರಂನ ಗುಹೆಯಲ್ಲಿ ಅವನ ಬಿರುದುಗಳನ್ನು ಸಾಲಾಗಿ ಕೆತ್ತಲಾಗಿದೆ; ಅವುಗಳಲ್ಲಿ ಸಂಸ್ಕೃತದ ಜೊತೆ ದಕ್ಷಿಣದ ದೇಶಭಾಷೆಗಳ ದನಿಯೂ ಕೇಳಿಸುತ್ತದೆ. ಆದರೆ ನಮ್ಮ ಪದಕ್ಕೆ ಬೇಕಾದ ಸಾಕ್ಷಿ ಇರುವುದು ವಿಳುಪ್ಪುರಂ ಕಡೆಯ ಮಂಡಗಪಟ್ಟು ಎಂಬ ಹಳ್ಳಿಯಲ್ಲಿ, ಅವನದೇ ಇನ್ನೊಂದು ಗುಹಾಲಯದಲ್ಲಿ. ಇಟ್ಟಿಗೆಯಿಲ್ಲದೆ, ಮರವಿಲ್ಲದೆ, ಲೋಹವಿಲ್ಲದೆ, ಗಾರೆಯಿಲ್ಲದೆ ತ್ರಿಮೂರ್ತಿಗಳಿಗೆ ಆಲಯ ಮಾಡಿಸಿದೆನೆಂದು ಅಲ್ಲಿನ ಶಾಸನ ಹೇಳುತ್ತದೆ. ಮರವಿಲ್ಲದ್ದು ಎಂಬುದಕ್ಕೆ ಅಲ್ಲಿರುವ ಪದ ‘ಅದ್ರುಮ’. ದ್ರು ಎಂಬ ಮರದಿಂದ ದ್ರವ್ಯವೆಂಬ ಹೆಸರು ಹುಟ್ಟಿದ ಎಷ್ಟೋ ಕಾಲದ ಮೇಲೆ, ಕಟ್ಟಡದ ದ್ರವ್ಯ ಮರವಾಗಿರಬೇಕಿಲ್ಲ ಎಂದು ಕಲ್ಲಿನಲ್ಲಿ ಬರೆಸಿದ ಅರಸು ಇವನು. ಹೊಸ ದ್ರವ್ಯವನ್ನು ಹುಡುಕಿದ ಹೆಮ್ಮೆ ಆ ನಾಲ್ಕು ನಿಷೇಧಗಳಲ್ಲಿ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ! ಕೋಬಾಲ್ಟ್ ಇಲ್ಲದ ವಿದ್ಯುದಗ್ರ, ಸೀಸವಿಲ್ಲದ ಪೆರೋವ್‌ಸ್ಕೈಟ್, ಪ್ಲಾಟಿನಂ ಇಲ್ಲದ ಕ್ರಿಯಾವರ್ಧಕ ಎಂದು ಇಂದಿನ ಉಪನ್ಯಾಸಕರು ತಮ್ಮ ಸಾಧನೆಯನ್ನು ಎಣಿಸುವ ಕ್ರಮವೂ ಅದೇ.

ದ್ರವ್ಯ ಹೆಚ್ಚೋ ಆಕೃತಿ ಹೆಚ್ಚೋ ಎಂಬ ಚರ್ಚೆಯನ್ನು ಪತಂಜಲಿ ಮಹಾಭಾಷ್ಯದ ಆರಂಭದಲ್ಲಿಯೇ ಎತ್ತಿದ್ದಾನೆ. ಚಿನ್ನದ ಗಟ್ಟಿಯೊಂದನ್ನು ಕರಗಿಸಿ ಒಂದು ಆಭರಣ, ಅದನ್ನು ಕರಗಿಸಿ ಕಡಗ, ಅದನ್ನು ಕರಗಿಸಿ ಸ್ವಸ್ತಿಕ, ಮತ್ತೆ ಗಟ್ಟಿ, ಕೊನೆಗೆ ಕಗ್ಗಲಿಯ ಕೆಂಡದಂತೆ ಹೊಳೆಯುವ ಕುಂಡಲ. ಆಕೃತಿ ಬೇರೆಬೇರೆಯಾಗುತ್ತದೆ, ದ್ರವ್ಯ ಅದೇ ಇರುತ್ತದೆ ಎಂಬುದು ಅಲ್ಲಿ ಒಂದು ಪಕ್ಷ. ಎರಡು ಸಾವಿರ ವರ್ಷಗಳ ಮೇಲೆ, 1857ರಲ್ಲಿ, ಮೈಕೆಲ್ ಫ್ಯಾರಡೆ ಚಿನ್ನವನ್ನು ನೀರಿನಲ್ಲಿ ತೇಲುವಷ್ಟು ಸಣ್ಣ ಕಣಗಳಾಗಿಸಿದಾಗ ಸೀಸೆಯಲ್ಲಿ ಕಂಡದ್ದು ಹಳದಿಯಲ್ಲ, ಮಾಣಿಕ್ಯದ ಕೆಂಪು. ಅದೇ ಚಿನ್ನ, ಆದರೆ ಕಣದ ಅಳತೆ ಕಿರಿದಾದಾಗ ಬಣ್ಣವೇ ಬೇರೆ. ಸಾಮಾನ್ಯ ಗಟ್ಟಿಯಲ್ಲಿ ಜಡವಾಗಿ ಕೂರುವ ಚಿನ್ನ ನ್ಯಾನೊ ಕಣವಾದಾಗ ರಾಸಾಯನಿಕ ಕ್ರಿಯೆಗಳಿಗೆ ಚುರುಕು ಮುಟ್ಟಿಸುತ್ತದೆ. ವಜ್ರವೂ ಇದ್ದಿಲೂ ಗ್ರಾಫೀನ್ ಹಾಳೆಯೂ ಇಂಗಾಲವೇ, ಪರಮಾಣುಗಳ ಜೋಡಣೆ ಮಾತ್ರ ಬೇರೆ. ದ್ರವ್ಯ ಮತ್ತು ಆಕೃತಿ ಒಂದನ್ನೊಂದು ಬಿಟ್ಟಿರಲಾರವೆಂದು ತೋರಿಸಿಕೊಟ್ಟದ್ದೇ ಆಧುನಿಕ ವಿಜ್ಞಾನ ಆ ಹಳೆಯ ವಾದಕ್ಕೆ ಕೂಡಿಸಿದ ಹೊಸ ಪಕ್ಷ.

ಇನ್ನು ಜೋಡಿಯ ಇನ್ನೊಂದು ಮಾತು. ಎನರ್ಜಿಗೆ ಭೌತಶಾಸ್ತ್ರದಲ್ಲಿ ಶಕ್ತಿ ಎಂದರೂ ಕರ್ನಾಟಕ ಸರ್ಕಾರ ತನ್ನ ಇಲಾಖೆಗೆ ಇಟ್ಟ ಹೆಸರು ಇಂಧನ. ಇಂಧ್ ಎಂದರೆ ಹೊತ್ತಿಸು. ಇಧ್ಮ, ಸಮಿಧೆ, ಇಂಧನ ಮೂರೂ ಬೆಂಕಿಗೆ ಒಡ್ಡುವ ಕಟ್ಟಿಗೆ. ಕನ್ನಡ ಸೌದೆ, ಉರುವಲು, ಪುರಳೆ ಎನ್ನುವುದು ಅದನ್ನೇ. ತಮಿಳುನಾಡಿನ ಇಲಾಖೆ ಎರಿಶಕ್ತಿ ಎಂದು ಉರಿಯನ್ನೂ ಶಕ್ತಿಯನ್ನೂ ಹೊಸೆದುಕೊಂಡಿದೆ. ಅಲ್ಲಿಗೆ ದ್ರವ್ಯ ಮೂಲತಃ ಮರ, ಇಂಧನ ಮೂಲತಃ ಸೌದೆ. ಕೆತ್ತಿದರೆ ದ್ರವ್ಯ, ಹೊತ್ತಿಸಿದರೆ ಇಂಧನ. ಇವೆರಡರ ನಡುವಣ ಹಾದಿಯನ್ನು ಬಾಳಿನಲ್ಲಿಯೇ ನಡೆದು ತೋರಿಸಿದವರು ನಮ್ಮ ಬೆಂಗಳೂರಿನ ಅಮೂಲ್ಯ ಕೆ. ಎನ್. ರೆಡ್ಡಿ. ವಿದ್ಯುದ್ರಸಾಯನಜ್ಞ ಬಾಕ್ರಿಸ್ ಜೊತೆಗೂಡಿ 1970ರಲ್ಲಿ ವಿದ್ಯುದ್ರಸಾಯನದ ಜಗತ್ಪ್ರಸಿದ್ಧ ಪಠ್ಯ ಬರೆದ ಅವರು, 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ಕಟ್ಟಿ, ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಸೌದೆಯ ಲೆಕ್ಕ ಹಿಡಿದರು. ಊರು ಉರಿಸುವ ಶಕ್ತಿಯಲ್ಲಿ ಬಹುಪಾಲು ಸೌದೆಯೇ ಎಂದೂ ಅದನ್ನು ಆಯ್ದು ಹೊತ್ತು ತರುವುದರಲ್ಲಿ ಹೆಂಗಸರ, ಮಕ್ಕಳ ಎಷ್ಟು ಹೊತ್ತು ಸವೆಯುತ್ತದೆಂದೂ ಆ ಅಧ್ಯಯನ ತೋರಿಸಿತು; ಕಡಿಮೆ ಸೌದೆಗೆ ಹೆಚ್ಚು ಕಾವು ಕೊಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಹಾಕುವ ಅಸ್ತ್ರ ಒಲೆ ಆ ಕೇಂದ್ರದಿಂದಲೇ ಬಂದದ್ದು. ಇಂಧನ ಎಂಬ ಪದದ ಮೊದಲ ಅರ್ಥವನ್ನು ಒಬ್ಬ ವಿಜ್ಞಾನಿ ಅಷ್ಟು ಗೌರವದಿಂದ ಕಂಡದ್ದನ್ನು ನಾವು ಮರೆಯಬಾರದು.

ಕೆತ್ತುವ ಮರ, ಉರಿಸುವ ಮರ ಈಗ ಮತ್ತೆ ಒಂದಾಗುತ್ತಿವೆ. ತಿಪಟೂರಿನ ಕೊಬ್ಬರಿ ಒಡೆದ ಮೇಲೆ ಉಳಿಯುವ ಕರಟವನ್ನು ತೆಗೆದುಕೊಳ್ಳಿ. ಹಿಂದೆ ಅದು ಬಚ್ಚಲೊಲೆಗೆ, ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ. ಗಾಳಿಯಾಡದ ಕುಲುಮೆಯಲ್ಲಿ ಅದನ್ನು ಇದ್ದಿಲಾಗಿಸಿ, ಆಮೇಲೆ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ, ಇಲ್ಲವೇ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಕಾಸಿದರೆ, ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ತೆರೆದು, ಒಂದೇ ಗ್ರಾಂ ಪುಡಿಯ ಒಳಮೈ 1000 ಚದರ ಮೀಟರನ್ನೂ ಮೀರುತ್ತದೆ. ಆ ಒಳಮೈಯ ಮೇಲೆ ಅಯಾನುಗಳು ಸಾಲುಗಟ್ಟಿ ನಿಂತಾಗ ಅದು ಸೂಪರ್‌ಕೆಪಾಸಿಟರಿನ ವಿದ್ಯುದಗ್ರ: ವಿದ್ಯುತ್ತನ್ನು ಕ್ಷಣದಲ್ಲಿ ತುಂಬಿಕೊಂಡು ಕ್ಷಣದಲ್ಲಿ ಬಿಟ್ಟುಕೊಡುತ್ತದೆ, ಸುಟ್ಟು ಬೂದಿಯಾಗುವುದಿಲ್ಲ. ಇಂಧನವಾಗಿದ್ದ ಕರಟ ದ್ರವ್ಯವಾಯಿತು. ತೆಂಗು ಬೆಳೆಯುವ ಈ ದಕ್ಷಿಣದ ಪ್ರಯೋಗಶಾಲೆಗಳಲ್ಲಿ ಕರಟದ ಇಂಗಾಲ ಅಷ್ಟು ಪ್ರೀತಿಯ ವಿಷಯವಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಟ್ಟಿಗೆಯ ಸಾರವೆಂದೇ ಹಿಂದೆ ಹೆಸರಾಗಿದ್ದ ಮಿಥನಾಲನ್ನು ಉರಿಸದೆಯೇ ಇಂಧನಕೋಶದಲ್ಲಿ ವಿದ್ಯುತ್ತಾಗಿಸುವ ಕೆಲಸವೂ ಇದೇ ಹಾದಿಯದು.

ಹಾಗಾಗಿ ನನ್ನ ಅಹವಾಲು ಇಷ್ಟು. ವಸ್ತು ಎಂದರೆ ಇರುವುದು, ನೆಲೆಸಿದ್ದು. ಪದಾರ್ಥವೆಂದರೆ ಹೆಸರು ಪಡೆದದ್ದು. ಸಾಮಗ್ರಿ ಎಂದರೆ ಒಂದೆಡೆ ಕೂಡಿಟ್ಟದ್ದು. ಮೂರೂ ಒಳ್ಳೆಯ ಪದಗಳೇ, ಆದರೆ ಮೂರರಲ್ಲೂ ಮುಂದಿನ ನಡೆಯಿಲ್ಲ. ದ್ರವ್ಯ ಎಂದರೆ ಮಾತ್ರ ಇನ್ನೇನೋ ಆಗಲು ತಕ್ಕದ್ದು. ಮೆಟೀರಿಯಲ್ಸ್ ಸೈನ್ಸ್ ಎಂಬ ಶಾಸ್ತ್ರ ಕೇಳುವುದು ‘ಇದು ಏನು’ ಎಂಬ ಪ್ರಶ್ನೆಯನ್ನಷ್ಟೇ ಅಲ್ಲ. ‘ಇದನ್ನು ಹೀಗೆ ಕಾಸಿದರೆ, ಹೀಗೆ ತೆಳ್ಳಗಾಗಿಸಿದರೆ, ಇದರೊಡನೆ ಇನ್ನೊಂದನ್ನು ಬೆರೆಸಿದರೆ ಏನಾಗಬಲ್ಲುದು’ ಎಂಬುದನ್ನು. ಆ ಪ್ರಶ್ನೆಯನ್ನು ಒಡಲಲ್ಲೇ ಹೊತ್ತ ಪದ ನಮ್ಮ ಪಠ್ಯಪುಸ್ತಕದಲ್ಲಿ ಹೇಗೂ ಇರುವಾಗ, ಆ ಶಾಸ್ತ್ರಕ್ಕೆ ದ್ರವ್ಯವಿಜ್ಞಾನ ಎಂಬ ಹೆಸರನ್ನು ಧೈರ್ಯವಾಗಿ ಬಳಸೋಣ. ಬೆಳ್ಳಾವೆ ವೆಂಕಟನಾರಣಪ್ಪನವರ ಗೆಳೆಯರ ಬಳಗ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದಾಗಲೂ ಪದಗಳೆಲ್ಲ ಸಿದ್ಧವಾಗಿ ಕಾದಿರಲಿಲ್ಲ; ಬಳಸುತ್ತ ಬಳಸುತ್ತ ಅವು ಪಳಗಿದುವು. ಪಲ್ಲಾವರಂನಲ್ಲೋ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಬ್ಯಾಟರಿಯ ಮೇಲೆ ಸಂಶೋಧನೆ ಮಾಡುತ್ತಿರುವ ಕನ್ನಡದ ಹುಡುಗಿ ಊರಿಗೆ ಹೋದಾಗ ಅಜ್ಜಿ ‘ಏನು ಓದ್ತಿದ್ದೀಯವ್ವ?’ ಎಂದು ಕೇಳಿದರೆ, ‘ಯಾವ ದ್ರವ್ಯ ಏನಾಗಬಲ್ಲುದು ಅಂತ ನೋಡ್ತಿದ್ದೀನಜ್ಜಿ’ ಎಂದರೆ ಸಾಕು. ಪೂಜೆಗೆ, ಮದ್ದಿಗೆ, ಅಡುಗೆಗೆ ಬಾಳೆಲ್ಲ ದ್ರವ್ಯಗಳನ್ನು ಆಯ್ದು ಹದಮಾಡಿದ ಅಜ್ಜಿಗೆ ಅದರ ಹುರುಳು ಸಲೀಸಾಗಿ ಹತ್ತುತ್ತದೆ.